ಹಳೇ ಮಿಲಿಟರಿ ಬಿಲ್ಲೆ ಸಿಕ್ಕಿದೆಯಾ? ಅದು ಯಾವ ಪಡೆಯದ್ದು ಅಂತ ಪತ್ತೆ ಮಾಡುವ ಸಮಗ್ರ ಮಾರ್ಗದರ್ಶಿ

‘ಇದು ಯಾವ ಬಿಲ್ಲೆ ಹೇಳಿ’ ಅಂತ ಯಾರಾದರೂ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೆ ನಾನು ಮೊದಲು ಕೇಳುವುದು ಹಿಂಭಾಗದ ಫೋಟೋ. ಬರುವುದು ಮಾತ್ರ ಮತ್ತೆ ಮುಂಭಾಗದ್ದೇ, ಈ ಸಲ ಇನ್ನೂ ಹತ್ತಿರದಿಂದ. ಮುಂಭಾಗ ನೋಡೋಕೆ ಚೆಂದ, ಒಪ್ಪಿದೆ. ಹುಲಿ, ಆನೆ, ಕಿರೀಟ, ಕತ್ತಿ ಎಲ್ಲ ಅಲ್ಲೇ ಇರುತ್ತವೆ. ಜನ ಎಡವುವುದೂ ಅಲ್ಲೇ. ಹುಲಿ ಕಂಡರೆ ಟಿಪ್ಪು, ಎರಡು ತಲೆಯ ಹಕ್ಕಿ ಕಂಡರೆ ಮೈಸೂರು ಮಹಾರಾಜರು. ‘ಮೈಸೂರ್’ ಅಂತ ಇಂಗ್ಲಿಷಿನಲ್ಲಿ ಬರೆದುಬಿಟ್ಟಿದ್ದರಂತೂ ಕೇಳುವುದೇ ಬೇಡ!

ಚಿತ್ರದಿಂದ ಶುರು ಮಾಡಿದರೆ ನಮಗೆ ಬೇಕಾದದ್ದೇ ಕಾಣುತ್ತದೆ. ಅದಕ್ಕೇ ಮೊದಲು ಬಿಲ್ಲೆಯ ಕಾಲ ಗೊತ್ತು ಮಾಡಿಕೊಳ್ಳಿ. ಆಮೇಲೆ ಅದನ್ನು ಮೈಮೇಲೆ ಎಲ್ಲಿ ಹಾಕಿಕೊಳ್ಳುತ್ತಿದ್ದರು ಅಂತ ನೋಡಿ. ಆಮೇಲೆ ಬರಹ ಓದಿ. ಚಿತ್ರಕ್ಕೆ ಕೊನೆಗೆ ಬನ್ನಿ.

ನಮ್ಮ ಕಡೆ ಸಿಗುವ ಬಿಲ್ಲೆಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬೆಂಗಳೂರು ದಂಡು ಪ್ರದೇಶ ಶುರುವಾದದ್ದು 1809ರಲ್ಲಿ. ಅಲ್ಲಿಂದ 1947ರವರೆಗೆ ಲೆಕ್ಕವಿಲ್ಲದಷ್ಟು ಬ್ರಿಟಿಷ್ ಮತ್ತು ಭಾರತೀಯ ಪಲ್ಟಣಗಳು ಇಲ್ಲಿ ಬಂದು ಹೋದವು. ಮೈಸೂರು ಸಂಸ್ಥಾನಕ್ಕೆ ತನ್ನದೇ ಸೈನ್ಯ ಇತ್ತು. ಕೊಡಗಿನಲ್ಲಿ ಸೈನ್ಯಕ್ಕೆ ಜನ ಹೋಗದ ಊರು ಹುಡುಕುವುದು ಕಷ್ಟ. ಕೋಲಾರದ ಚಿನ್ನದ ಗಣಿಯಲ್ಲೂ ಸ್ವಯಂಸೇವಕ ರೈಫಲ್ ಪಡೆ ಇತ್ತು. ಹಾಗಾಗಿ ಬೆಂಗಳೂರಿನ ಗುಜರಿಯಲ್ಲಿ ಸ್ಕಾಟ್ಲೆಂಡಿನ ಬಿಲ್ಲೆ ಸಿಕ್ಕರೆ ಆಶ್ಚರ್ಯ ಬೇಡ. ಅದು ಸಿಕ್ಕ ಜಾಗ ಒಂದು ಸುಳಿವು ಅಷ್ಟೇ.

ಹೆಜ್ಜೆ 1: ದಯವಿಟ್ಟು ತೊಳೆಯಬೇಡಿ

ಮನೆಯಲ್ಲಿ ಹಿತ್ತಾಳೆ ಸಾಮಾನು ಸಿಕ್ಕರೆ ಕೈ ತಾನಾಗಿ ಹುಣಸೆಹಣ್ಣಿನ ಕಡೆ ಹೋಗುತ್ತದೆ. ಇಲ್ಲದಿದ್ದರೆ ಪೀತಾಂಬರಿ ಪುಡಿ ಇದ್ದೇ ಇದೆ. ಬಿಲ್ಲೆಗೆ ಎರಡೂ ಬೇಡ, ಪಾಲಿಶ್ ಡಬ್ಬಿಯೂ ಬೇಡ. ಮೇಲಿನ ಕಂದು ಬಣ್ಣ ಕೊಳೆಯಲ್ಲ, ಲೋಹ ವರ್ಷಗಟ್ಟಲೆ ಗಾಳಿ ಕುಡಿದು ಬಂದ ಪದರ. ಅದು ಹೋದರೆ ಹಳೆಯದು ಯಾವುದು, ಮೊನ್ನೆ ಮಾಡಿದ್ದು ಯಾವುದು ಅಂತ ಹೇಳುವ ಒಂದು ದೊಡ್ಡ ಸಾಕ್ಷಿ ಹೋದ ಹಾಗೆ. ರೈಫಲ್ ಪಡೆಗಳ ಬಿಲ್ಲೆಗಳಿಗೆ ಬೇಕಂತಲೇ ಕಪ್ಪು ಬಣ್ಣ ಕೊಡುತ್ತಿದ್ದರು. ಅದನ್ನು ‘ಕರಿ’ ಅಂದುಕೊಂಡು ಉಜ್ಜಿ ಹೊಳೆಸಿದವರು ಇದ್ದಾರೆ. ಬೆಳ್ಳಿಯ ನೀರು, ಚಿನ್ನದ ನೀರು ಕೊಟ್ಟದ್ದಾದರೆ ಒಂದೇ ಉಜ್ಜಿಗೆ ಅಡಿಯ ತಾಮ್ರ ಕಾಣುತ್ತದೆ.

ಮಣ್ಣು ಮೆತ್ತಿಕೊಂಡಿದ್ದರೆ ಮೆತ್ತನೆಯ ಬ್ರಷ್, ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು ಸಾಕು. ತಕ್ಷಣ ಪೂರ್ತಿ ಒಣಗಿಸಿ. ಎನಾಮೆಲ್ ಬಣ್ಣ ತುಂಬಿದ ಬಿಲ್ಲೆಯನ್ನು ನೆನೆಸಲೇಬೇಡಿ. ಇನ್ನೊಂದು ಮಾತು: ಬೆಳ್ಳಿಯೋ ಅಲ್ಲವೋ ತಿಳಿಯಲು ಅಕ್ಕಸಾಲಿಗರ ಹತ್ತಿರ ಒಯ್ದರೆ ಒರೆಗಲ್ಲಿಗೆ ಉಜ್ಜದಂತೆ ಮೊದಲೇ ಹೇಳಿ. ಅವರು ಅಭ್ಯಾಸಬಲದಲ್ಲಿ ಒಂದು ಗೆರೆ ಎಳೆದುಬಿಡುತ್ತಾರೆ.

ಹೆಜ್ಜೆ 2: ಅಳೆಯಿರಿ, ತೂಗಿ, ಫೋಟೋ ತೆಗೆಯಿರಿ

ಉದ್ದ, ಅಗಲ ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ತೂಕ ಗ್ರಾಮಿನಲ್ಲಿ. ಅಯಸ್ಕಾಂತ ಹಿಡಿದು ನೋಡಿ: ಹಿತ್ತಾಳೆ, ಕಂಚು, ಬೆಳ್ಳಿ ಯಾವುದೂ ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ ಇದೆ ಅಂತ ಅರ್ಥ.

ಫೋಟೋಗೆ ಫ್ಲ್ಯಾಶ್ ಬೇಡ. ಕಿಟಕಿ ಪಕ್ಕ ಬಿಳಿ ಕಾಗದದ ಮೇಲಿಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಮುಂದೆ ಒಂದು, ಹಿಂದೆ ಒಂದು, ಪಕ್ಕದಿಂದ ಒಂದು ತೆಗೆಯಿರಿ. ಅಕ್ಷರ ಸವೆದಿದ್ದರೆ ಕೋಣೆ ಕತ್ತಲು ಮಾಡಿ ಮೊಬೈಲ್ ಟಾರ್ಚನ್ನು ತೀರಾ ಓರೆಯಾಗಿ, ಬಿಲ್ಲೆಯ ಮಟ್ಟದಲ್ಲೇ ಹಿಡಿಯಿರಿ. ಕಣ್ಣಿಗೆ ಏನೂ ಕಾಣದ ಕಡೆ ನೆರಳು ಬಿದ್ದು ಅಕ್ಷರ ಎದ್ದು ನಿಲ್ಲುತ್ತದೆ. ಟಾರ್ಚನ್ನು ನಿಧಾನವಾಗಿ ಸುತ್ತ ತಿರುಗಿಸುತ್ತಾ ನೋಡಿ, ಒಂದು ಕೋನದಲ್ಲಿ ಕಾಣದ ಗೆರೆ ಇನ್ನೊಂದರಲ್ಲಿ ಸಿಗುತ್ತದೆ.

ಹೆಜ್ಜೆ 3: ಈಗ ತಿರುಗಿಸಿ

ಹಿಂಭಾಗದಲ್ಲಿ ಮೂರು ವಿಷಯ ನೋಡಬೇಕು: ಹೇಗೆ ಮಾಡಿದ್ದು, ಬಟ್ಟೆಗೆ ಹೇಗೆ ಸಿಕ್ಕಿಸುತ್ತಿದ್ದರು, ಏನಾದರೂ ಗುರುತು ಒತ್ತಿದ್ದಾರಾ.

ಅಚ್ಚಿನಲ್ಲಿ ತಗಡು ಇಟ್ಟು ಒತ್ತಿದ ಬಿಲ್ಲೆಯಾದರೆ ಮುಂದೆ ಉಬ್ಬಿದ್ದು ಹಿಂದೆ ತಗ್ಗಾಗಿ ಕಾಣುತ್ತದೆ. ಗೆರೆಗಳು ಚೂಪಾಗಿರುತ್ತವೆ, ತೂಕ ಕಡಿಮೆ. ಬರ್ಮಿಂಗ್‌ಹ್ಯಾಮ್, ಲಂಡನ್ ಕಾರ್ಖಾನೆಗಳ ಮಾಲು ಹೆಚ್ಚಾಗಿ ಹೀಗೇ. ಎರಕ ಹೊಯ್ದದ್ದಾದರೆ ಹಿಂಭಾಗ ಸಾಮಾನ್ಯವಾಗಿ ಚಪ್ಪಟೆ, ದಪ್ಪ, ಅಲ್ಲಲ್ಲಿ ಸೂಜಿಮೊನೆಯಷ್ಟು ಗುಳಿ. ವಿದೇಶಿ ಸಂಗ್ರಾಹಕರು ಎರಕ ಕಂಡ ಕೂಡಲೇ ‘ನಕಲಿ’ ಅಂದುಬಿಡುತ್ತಾರೆ. ನಮ್ಮ ಸಾಮಾನಿಗೆ ಅದನ್ನು ಹಾಗೇ ಒಪ್ಪಬೇಡಿ. ಇಲ್ಲಿನ ಬಜಾರಿನಲ್ಲಿ ಪಲ್ಟಣಗಳು ಸ್ಥಳೀಯ ಕಂಚುಗಾರರಿಂದ ಮಾಡಿಸಿಕೊಂಡ ಅಸಲಿ ಬಿಲ್ಲೆಗಳೂ ಎರಕದವೇ. ಅವು ಒರಟಾಗಿರುತ್ತವೆ, ಒಂದಕ್ಕೊಂದು ಪೂರ್ತಿ ಹೊಂದುವುದಿಲ್ಲ.

ಸಿಕ್ಕಿಸುವ ವ್ಯವಸ್ಥೆ ನೋಡಿ. ಹಿಂದೆ ತಂತಿಯ ಪುಟ್ಟ ಕಿವಿಗಳಿದ್ದು, ಅದರೊಳಗೆ ಪಿನ್ ತೂರಿಸುವ ಪದ್ಧತಿ ಹಳೆಯದು, ಆದರೆ ಕೊನೆಯವರೆಗೂ ಉಳಿದುಕೊಂಡದ್ದು. ಹಾಗಾಗಿ ಬರೀ ಕಿವಿ ನೋಡಿ ಕಾಲ ಹೇಳಲು ಬರುವುದಿಲ್ಲ. ಕೆಳಕ್ಕೆ ಇಳಿಬಿದ್ದ ಒಂದೇ ಚಪ್ಪಟೆ ಪಟ್ಟಿ, ಅಂದರೆ ಸ್ಲೈಡರ್ ಇದ್ದರೆ ಅದು 19ನೇ ಶತಮಾನದ ಕೊನೆಯಿಂದ ಈಚೆಗೆ ರೂಢಿಗೆ ಬಂದ ಟೋಪಿ ಬಿಲ್ಲೆ. ಮಡಚಲು ಬರುವ ತೆಳ್ಳನೆಯ ಎರಡು ನಾಲಿಗೆಗಳು ಕಂಚಿನ ಬಿಲ್ಲೆಗೆ ಇದ್ದರೆ ಅದು ಅಧಿಕಾರಿಯ ಖಾಕಿ ಸಮವಸ್ತ್ರದ್ದಿರಬಹುದು. ಸೀರೆಯ ಸೆರಗಿಗೆ ಹಾಕುವಂಥ ಪಿನ್ ಇದ್ದು ಬಿಲ್ಲೆಯೂ ಚಿಕ್ಕದಾಗಿದ್ದರೆ, ಸೈನಿಕ ತನ್ನ ಹೆಂಡತಿಗೋ ಪ್ರೇಯಸಿಗೋ ಕೊಟ್ಟ ಬ್ರೋಚ್ ಆಗಿರುವ ಸಾಧ್ಯತೆ ಜಾಸ್ತಿ. ಹಿಂದೆ ಸ್ಕ್ರೂ, ಅದಕ್ಕೊಂದು ದುಂಡನೆ ನಟ್ ಇದ್ದು, ಮುಂದೆ ಕೆಂಪು ಎನಾಮೆಲ್ ನಕ್ಷತ್ರ ಇದ್ದರೆ ಸೋವಿಯತ್ ಕಡೆ ಹುಡುಕಿ. ಮೊಳೆಯಂಥ ಎರಡು ಮುಳ್ಳಿಗೆ ಒತ್ತಿ ಕೂರಿಸುವ ಬಟನ್ ಇದ್ದರೆ ತೀರಾ ಹಳೆಯದಲ್ಲ.

ಪ್ಲಾಸ್ಟಿಕ್ ಬಿಲ್ಲೆ ಸಿಕ್ಕರೆ ಎಸೆಯಬೇಡಿ! ಎರಡನೇ ಮಹಾಯುದ್ಧದಲ್ಲಿ ಲೋಹ ಉಳಿಸಲು ಬ್ರಿಟನ್ ಪ್ಲಾಸ್ಟಿಕ್ ಟೋಪಿ ಬಿಲ್ಲೆಗಳನ್ನು ಮಾಡಿಸಿತ್ತು. ಕಂದು, ಬೂದು ಬಣ್ಣದವು. ನೋಡಲು ಆಟಿಕೆಯ ಹಾಗೆ ಕಂಡರೂ ಅಸಲಿ. ಹೊಸ ಹಿತ್ತಾಳೆಯಂತೆ ಹೊಳೆಯುವ, ಕೈಗೆ ತೀರಾ ಹಗುರ ಅನಿಸುವ ಅಲ್ಯೂಮಿನಿಯಂ ಬಿಲ್ಲೆ 1950ರ ದಶಕದಿಂದ ಈಚೆಯದು.

ಕೊನೆಗೆ ಗುರುತುಗಳು. ಸಿಂಹ ನಡೆಯುತ್ತಿರುವ ಪುಟ್ಟ ಮುದ್ರೆ ಇದ್ದರೆ ಅದು ಇಂಗ್ಲೆಂಡಿನ ಪಕ್ಕಾ ಬೆಳ್ಳಿ. ಪಕ್ಕದಲ್ಲಿ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ಮುಖ ಇದ್ದರೆ ಲಂಡನ್. ಜೊತೆಗೆ ಒಂದು ಅಕ್ಷರ ಇರುತ್ತದೆ, ಅದು ವರ್ಷದ ಗುರುತು. ಆ ಊರಿನ ಪಟ್ಟಿಯಲ್ಲಿ ಅಕ್ಷರದ ಆಕಾರವನ್ನೂ ಅದರ ಸುತ್ತಲಿನ ಚೌಕಟ್ಟನ್ನೂ ಹೊಂದಿಸಿದರೆ ಮುದ್ರೆ ಬಿದ್ದ ವರ್ಷವೇ ಸಿಗುತ್ತದೆ. ಫರ್ಮಿನ್, ಗಾಂಟ್ ಮುಂತಾದ ಕಂಪನಿಗಳ ಹೆಸರೂ ಸಿಗಬಹುದು. ಆದರೆ ಕಂಪನಿ ಹೆಸರು ಇದ್ದ ಮಾತ್ರಕ್ಕೆ ಅಸಲಿ ಅಂತ ನಂಬಬೇಡಿ. ನಕಲು ಮಾಡುವವನಿಗೆ ಹೆಸರು ಒತ್ತುವುದು ಕಷ್ಟವೇನಲ್ಲ.

ಹೆಜ್ಜೆ 4: ಕಿರೀಟ ಓದಿ, ಕಾಲ ಹೇಳಿ

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟದ ಹೆಜ್ಜೆ ಇದು, ಯಾಕಂದ್ರೆ ಎರಡು ನಿಮಿಷದಲ್ಲಿ ಅರ್ಧ ಸಾಧ್ಯತೆಗಳು ಬಿದ್ದುಹೋಗುತ್ತವೆ.

ಬ್ರಿಟಿಷ್ ಕಿರೀಟದ ಮೇಲೆ ಎರಡು ಕಮಾನುಗಳಿರುತ್ತವೆ. ಭೂತಕನ್ನಡಿ ಹಿಡಿದು ಅವುಗಳ ಮೇಲಂಚು ನೋಡಿ. ಕಮಾನು ಎರಡೂ ಕಡೆಯಿಂದ ಗುಮ್ಮಟದಂತೆ ಏರಿ ಮಧ್ಯದಲ್ಲಿ ಕೂಡಿದ್ದು, ಬಿಲ್ಲೆಯೂ ಹಳೆಯದಾದರೆ ಅದು ರಾಜರ ಕಾಲದ್ದು: ಏಳನೇ ಎಡ್ವರ್ಡ್ 1901ರಲ್ಲಿ ಪಟ್ಟಕ್ಕೆ ಬಂದಾಗಿನಿಂದ ಆರನೇ ಜಾರ್ಜ್ 1952ರಲ್ಲಿ ತೀರಿಕೊಳ್ಳುವವರೆಗಿನದು. ಕಮಾನು ಭುಜದಂತೆ ಎರಡೂ ಕಡೆ ಎತ್ತರವಾಗಿ, ನಡುವೆ ತಗ್ಗಿದ್ದರೆ ಅದು ರಾಣಿಯ ಕಾಲದ್ದು. ಯಾವ ರಾಣಿ? 1901ಕ್ಕೆ ಮುಂಚಿನ ವಿಕ್ಟೋರಿಯಾ ಇರಬಹುದು, 1952ರ ನಂತರದ ಎರಡನೇ ಎಲಿಜಬೆತ್ ಇರಬಹುದು. ಭಾರತದ ಪಡೆಯ ಬಿಲ್ಲೆಯಾದರೆ ಈ ಗೊಂದಲ ಬೇಗ ಬಗೆಹರಿಯುತ್ತದೆ. ನಮ್ಮಲ್ಲಿ 1950ರ ಜನವರಿ 26ಕ್ಕೆ ಕಿರೀಟ ಹೋಗಿ ಅಶೋಕನ ಸಿಂಹ ಬಂತು, ಎಲಿಜಬೆತ್ ಪಟ್ಟಕ್ಕೆ ಬರುವಷ್ಟರಲ್ಲಿ ನಮ್ಮ ಸೈನ್ಯದಲ್ಲಿ ಕಿರೀಟವೇ ಇರಲಿಲ್ಲ. ಹಾಗಾಗಿ ಮದ್ರಾಸ್ ಪಡೆಯ ಬಿಲ್ಲೆಯ ಮೇಲೆ ನಡು ತಗ್ಗಿದ ಕಿರೀಟ ಇದ್ದರೆ ಅದು ವಿಕ್ಟೋರಿಯಾ ಕಾಲದ್ದೇ. 1947ರಿಂದ 1950ರವರೆಗೆ ಸ್ವಾತಂತ್ರ್ಯ ಬಂದಿದ್ದರೂ ಕಿರೀಟ ಉಳಿದಿತ್ತು ಅನ್ನುವುದನ್ನೂ ನೆನಪಿಡಿ.

ಹೆಣೆದುಕೊಂಡ ಅಕ್ಷರಗಳಿದ್ದರೆ ಇನ್ನೂ ಒಳ್ಳೆಯದು. ‘ವಿ ಆರ್ ಐ’ ಅಂದರೆ ರಾಣಿ ಹಾಗೂ ಚಕ್ರವರ್ತಿನಿ ವಿಕ್ಟೋರಿಯಾ. ಆ ‘ಐ’ ಸೇರಿದ್ದು ಅವಳನ್ನು ಭಾರತದ ಚಕ್ರವರ್ತಿನಿ ಅಂತ ಸಾರಿದ ಮೇಲೆ, ಅಂದರೆ 1877ರಿಂದ. ‘ಇ ಆರ್ ಐ’ ಅಂದರೆ ಏಳನೇ ಎಡ್ವರ್ಡ್, 1901ರಿಂದ 1910. ‘ಜಿ ಆರ್ ಐ’ ಅಂದರೆ ಜಾರ್ಜ್. ಐದನೆಯವನೋ ಆರನೆಯವನೋ ಅಂತ ತಿಳಿಯಲು ನಡುವೆ ರೋಮನ್ ಅಂಕಿ ಇದೆಯಾ ನೋಡಿ.

ಕಿರೀಟವೇ ಇಲ್ಲದಿದ್ದರೆ ಗಾಬರಿ ಬೇಡ. ಸಂಸ್ಥಾನದ ಪಡೆಗಳ ಬಿಲ್ಲೆಯಲ್ಲಿ ರಾಜಮನೆತನದ ಲಾಂಛನ ಇರುತ್ತದೆ. ಎಷ್ಟೋ ಬ್ರಿಟಿಷ್ ಪಲ್ಟಣಗಳ ಬಿಲ್ಲೆಯಲ್ಲೂ ಕಿರೀಟ ಇರುತ್ತಿರಲಿಲ್ಲ.

ಹೆಜ್ಜೆ 5: ಮೈಮೇಲೆ ಎಲ್ಲಿತ್ತು? ನಿಜಕ್ಕೂ ಮಿಲಿಟರಿಯದ್ದೇನಾ?

ಟೋಪಿಗೋ ಪೇಟಕ್ಕೋ ಹಾಕುವ ಬಿಲ್ಲೆ ಸಾಮಾನ್ಯವಾಗಿ ನಾಲ್ಕೈದು ಸೆಂಟಿಮೀಟರ್ ಇರುತ್ತದೆ. ಅದೇ ಚಿತ್ರ ಚಿಕ್ಕದಾಗಿ, ಎಡಕ್ಕೊಂದು ಬಲಕ್ಕೊಂದು ಮುಖ ಮಾಡಿ ಜೋಡಿಯಾಗಿದ್ದರೆ ಕಾಲರಿನದು. ಚಿತ್ರವೇ ಇಲ್ಲದೆ ಬರೀ ಅಕ್ಷರ, ಅಂಕಿ ಬಾಗಿಸಿ ಮಾಡಿದ ಹಿತ್ತಾಳೆ ಪಟ್ಟಿ ಭುಜದ್ದು. ನನ್ನ ಕೇಳಿದರೆ ಸಿಗಬೇಕಾದದ್ದೇ ಅದು, ಹೆಸರು ನೇರವಾಗಿ ಬರೆದಿರುತ್ತದೆ. ಅಂಗೈಯಷ್ಟು ದೊಡ್ಡ, ಭಾರದ ಬಿಲ್ಲೆ ಎದೆಪಟ್ಟಿಯದ್ದೋ ಸೊಂಟದ ಪಟ್ಟಿಯದ್ದೋ ಆಗಿರುತ್ತದೆ.

ಎಲ್ಲ ಬಿಲ್ಲೆಯೂ ಪಲ್ಟಣ ಹೇಳುವುದಿಲ್ಲ. ಕುದುರೆ ಲಾಳ ಇದ್ದರೆ ಲಾಳ ಕಟ್ಟುವವನ ತೋಳಿನದು, ಅಡ್ಡಹಾಕಿದ ಬಂದೂಕು ಗುರಿಕಾರನದು, ಅಡ್ಡಹಾಕಿದ ಬಾವುಟ ಸಿಗ್ನಲ್‌ನವನದು. ಇವು ಎಲ್ಲ ಪಡೆಗಳಲ್ಲೂ ಇದ್ದವು. ‘ಟ್ರಿಯಾ ಜಂಕ್ಟಾ ಇನ್ ಉನೋ’ ಅಂತ ಲ್ಯಾಟಿನ್ ಬರಹ ಇರುವ ಪುಟ್ಟ ನಕ್ಷತ್ರ ಅಧಿಕಾರಿಯ ಭುಜದ ದರ್ಜೆ ನಕ್ಷತ್ರ. ಬಟ್ಟೆಯ ಮೇಲೆ ಹೊಲಿದ ಕೆಂಪು ಹದ್ದು ನಾಲ್ಕನೇ ಇಂಡಿಯನ್ ಡಿವಿಷನ್ನಿನದು. ಒಂದು ಡಿವಿಷನ್‌ನಲ್ಲಿ ಹತ್ತಾರು ಪಲ್ಟಣ ಇರುತ್ತಿದ್ದವು, ಹಾಗಾಗಿ ಅದರಿಂದ ಅಜ್ಜನ ಪಲ್ಟಣ ಸಿಗುವುದಿಲ್ಲ.

ಇನ್ನು ಮಿಲಿಟರಿಯದ್ದೇ ಅಲ್ಲದವು. ಗುಜರಿಯಲ್ಲಿ ‘ಮಿಲಿಟರಿ ಬ್ಯಾಡ್ಜ್ ಸಾರ್’ ಅಂತ ಕೊಡುವ ಎಷ್ಟೋ ಹಿತ್ತಾಳೆ ಬಿಲ್ಲೆಗಳು ಕಚೇರಿಯ ಜವಾನರು, ದಫೇದಾರರು, ಅರಣ್ಯದ ಗಾರ್ಡುಗಳು, ರೈಲ್ವೆಯವರು ಹಾಕಿಕೊಳ್ಳುತ್ತಿದ್ದವು. ದೊಡ್ಡದಾಗಿ ಇಲಾಖೆ ಹೆಸರು, ಕೆಳಗೊಂದು ನಂಬರ್ ಇದ್ದರೆ ಮೊದಲು ಈ ಕಡೆ ಅನುಮಾನಪಡಿ. ‘ಎಂ ಜಿ ಆರ್ ಟಿ ಡಿ’ ಅಂತ ಇದ್ದರೆ ಅದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ, ಇವತ್ತಿನ ಕೆಎಸ್‌ಆರ್‌ಟಿಸಿಯ ಪೂರ್ವಜ. ಯುದ್ಧಕ್ಕೂ ಅದಕ್ಕೂ ಸಂಬಂಧವಿಲ್ಲ. ಹಾಗಂತ ಅದೇನು ಕಡಿಮೆಯೂ ಅಲ್ಲ, ನಾನಾದರೆ ಖುಷಿಯಿಂದ ಇಟ್ಟುಕೊಳ್ಳುತ್ತೇನೆ.

ಹೆಜ್ಜೆ 6: ಅಂಕಿ ಮತ್ತು ಹೆಸರು

ಭಾರತೀಯ ಸೈನ್ಯದ ಪಲ್ಟಣಗಳ ನಂಬರ್ ಒಂದೇ ಇರಲಿಲ್ಲ. ಇಲ್ಲಿ ಎರಡು ವರ್ಷ ನೆನಪಿಟ್ಟರೆ ಸಾಕು: 1903 ಮತ್ತು 1922.

1903ರಲ್ಲಿ ಭಾರತದ ಆಗಿನ ಸೇನಾ ಮುಖ್ಯಸ್ಥ ಕಿಚನರ್ ಎಲ್ಲ ಪಲ್ಟಣಗಳಿಗೂ ಹೊಸ ನಂಬರ್ ಕೊಡಿಸಿದ. ಮದ್ರಾಸ್ ಪದಾತಿ ಪಡೆಗಳಿಗೆ ಹಳೆಯ ನಂಬರಿಗೆ 60 ಕೂಡಿಸಿದರೆ ಹೊಸದು ಸಿಗುತ್ತದೆ. 1ನೇ ಮದ್ರಾಸ್ ಪಯನೀರ್ಸ್ (ರಸ್ತೆ, ಕಂದಕದ ಕೆಲಸವನ್ನೂ ಮಾಡುವ ಪದಾತಿಗಳು) 61ನೇ ಪಯನೀರ್ಸ್ ಆಯಿತು, 23ನೇ ವಾಲಾಜಾಬಾದ್ ಲೈಟ್ ಇನ್‌ಫೆಂಟ್ರಿ 83ನೇದಾಯಿತು. 1922ರಲ್ಲಿ ಮತ್ತೆ ಬದಲಾವಣೆ: ಹಲವು ಪಲ್ಟಣಗಳನ್ನು ಸೇರಿಸಿ ದೊಡ್ಡ ರೆಜಿಮೆಂಟ್ ಮಾಡಿದರು. ಮದ್ರಾಸಿನ ಪಯನೀರುಗಳೆಲ್ಲ 1ನೇ ಮದ್ರಾಸ್ ಪಯನೀರ್ಸ್ ಅಡಿ ಸೇರಿಕೊಂಡರು, 1933ರಲ್ಲಿ ಅದನ್ನೂ ಮುಚ್ಚಿದರು. ಈಗ ನೋಡಿ: ಬಿಲ್ಲೆಯ ಮೇಲೆ ರೋಮನ್ನಿನಲ್ಲಿ 61 ಇದ್ದು ಪಯನೀರ್ಸ್ ಅಂತ ಇದ್ದರೆ, ಅದು 1903ರಿಂದ 1922ರ ನಡುವಿನದು. ಅಷ್ಟೇ ಲೆಕ್ಕ. ಅದರ ಮೇಲೆ ನಡು ತಗ್ಗಿದ ರಾಣಿ ಕಿರೀಟ ಇದ್ದರೆ ಏನೋ ಎಡವಟ್ಟಾಗಿದೆ ಅಂತ ಅರ್ಥ, ಯಾಕಂದ್ರೆ ಆಗ ರಾಣಿ ಇರಲೇ ಇಲ್ಲ.

ಬೆಂಗಳೂರಿನವರಿಗೆ ಹೆಚ್ಚು ಸಿಗುವುದು ಸ್ಯಾಪರ್ಸ್, ಅಂದರೆ ಸೈನ್ಯದ ಎಂಜಿನಿಯರುಗಳ ಸಾಮಾನು, ಹಲಸೂರು ಕೆರೆ ಪಕ್ಕದ ಎಂಇಜಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಅವರದ್ದೇ ಮುಂದುವರಿಕೆ ಅಲ್ವಾ. 1923ರಿಂದ ಅವರ ಹೆಸರು ‘ಕ್ವೀನ್ ವಿಕ್ಟೋರಿಯಾಸ್ ಓನ್ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್’. ವಿಕ್ಟೋರಿಯಾ ಹೆಸರು ಕಂಡ ಕೂಡಲೇ ಬಿಲ್ಲೆಯೂ ಅವಳ ಕಾಲದ್ದು ಅಂದುಕೊಳ್ಳಬೇಡಿ. ಅವಳು ತೀರಿಕೊಂಡು ಎರಡು ದಶಕ ಕಳೆದ ಮೇಲೂ ಆ ಗೌರವದ ಹೆಸರು ಅವರಿಗೆ ಉಳಿದಿತ್ತು.

ಸ್ವಯಂಸೇವಕ ಪಡೆಗಳದ್ದು ಇನ್ನೊಂದು ಲೋಕ. ತೋಟದ ದೊರೆಗಳು, ರೈಲ್ವೆ ಅಧಿಕಾರಿಗಳು, ಗಣಿಯ ಎಂಜಿನಿಯರುಗಳು ವಾರಕ್ಕೊಮ್ಮೆ ಕವಾಯತು ಮಾಡುತ್ತಿದ್ದ ಪಡೆಗಳಿವು. ‘ಕೂರ್ಗ್ ಅಂಡ್ ಮೈಸೂರ್ ರೈಫಲ್ಸ್’ ಅಂತ ಬಿಲ್ಲೆ ಸಿಕ್ಕರೆ ಅದು ಅರಮನೆಯ ಸೈನ್ಯದ್ದಲ್ಲ, ಕಾಫಿ ತೋಟದ ಯುರೋಪಿಯನ್ನರದು. ಹೆಸರಿನಲ್ಲಿ ‘ವಾಲಂಟಿಯರ್ಸ್’ ಇದ್ದರೆ 1917ಕ್ಕಿಂತ ಹಿಂದಿನದು. ‘ಎ ಎಫ್ ಐ’ (ಆಕ್ಸಿಲಿಯರಿ ಫೋರ್ಸ್ ಇಂಡಿಯಾ) ಅಂತ ಇದ್ದರೆ 1920ರ ಕಾಯಿದೆಯ ನಂತರದ್ದು.

ಊರಿನ ಹೆಸರು ಇನ್ನೊಂದು ಬಲೆ. ‘ಮೈಸೂರ್’, ‘ಸೆರಿಂಗಪಟಂ’, ‘ಕರ್ನಾಟಿಕ್’ ಅಂತ ಅಧಿಕಾರಿಗಳ ಎದೆಪಟ್ಟಿ ಬಿಲ್ಲೆಯಂಥ ದೊಡ್ಡ ವಸ್ತುಗಳ ಮೇಲೆ ಬರೆದಿರುವುದುಂಟು. ಅವು ಆ ಪಲ್ಟಣ ಗೆದ್ದ ಯುದ್ಧಗಳ ಹೆಸರು. ‘ಮೈಸೂರ್’ ಅಂದರೆ ಟಿಪ್ಪುವಿನ ಮೇಲೆ 1789-91ರಲ್ಲಿ ನಡೆದ ಯುದ್ಧ, ‘ಸೆರಿಂಗಪಟಂ’ ಅಂದರೆ 1799ರ ಮುತ್ತಿಗೆ. ಅಂದರೆ ಮೈಸೂರಿನ ಹೆಸರು ಹೊತ್ತ ಬಿಲ್ಲೆ ಮೈಸೂರಿನ ವಿರುದ್ಧ ಹೋರಾಡಿದವರದ್ದೂ ಆಗಿರಬಹುದು. ‘ಕರ್ನಾಟಿಕ್ ಇನ್‌ಫೆಂಟ್ರಿ’ ಕೂಡ ಮದ್ರಾಸ್ ಸೈನ್ಯದ ಪಲ್ಟಣಗಳೇ. ಆ ಹೆಸರು ಆರ್ಕಾಟಿನ ಕಡೆಯ ನಾಡಿನಿಂದ ಬಂದದ್ದು, ನಮ್ಮ ರಾಜ್ಯದಿಂದಲ್ಲ.

ಹೆಜ್ಜೆ 7: ಈಗ ಚಿತ್ರ ನೋಡಿ

ಕೆಲವು ಚಿತ್ರಗಳು ಪಡೆಯ ಬಗೆ ಹೇಳುತ್ತವೆ. ಅಡ್ಡಹಾಕಿದ ಈಟಿ ಲ್ಯಾನ್ಸರುಗಳದ್ದು, ಕಹಳೆ ಲೈಟ್ ಇನ್‌ಫೆಂಟ್ರಿ ಅಥವಾ ರೈಫಲ್ಸ್, ಉರಿಯುವ ಗುಂಡು ಗ್ರೆನೇಡಿಯರ್, ಫ್ಯುಸಿಲಿಯರ್ ಅಥವಾ ಎಂಜಿನಿಯರ್, ಅಡ್ಡಹಾಕಿದ ಕುಕ್ರಿ ಗೂರ್ಖಾ. ಕೆಲವು ಎಲ್ಲಿ ಹೋರಾಡಿದರು ಅಂತ ಹೇಳುತ್ತವೆ: ಸ್ಫಿಂಕ್ಸ್ ಇದ್ದರೆ 1801ರ ಈಜಿಪ್ಟ್, ಡ್ರ್ಯಾಗನ್ ಇದ್ದರೆ ಚೀನಾ.

ಹುಲಿಯ ವಿಷಯಕ್ಕೆ ಬಂದರೆ, ಮೇಲೆ ‘ಹಿಂದೂಸ್ತಾನ್’, ಕೆಳಗೆ ‘ಲೀಸ್ಟರ್‌ಶೈರ್’ ಅಂತ ಪಟ್ಟಿ ಇರುವ ಹುಲಿ ಇಂಗ್ಲೆಂಡಿನ ಲೀಸ್ಟರ್‌ಶೈರ್ ರೆಜಿಮೆಂಟಿನದು. ಟಿಪ್ಪುವಿನ ಹುಲಿ ಅಂತ ಹೇಳಿ ಮಾರಿದರೆ ಕೈಮುಗಿದು ಬನ್ನಿ. ಉರಿಯುವ ಗುಂಡಿನ ಮೇಲೆ ಹುಲಿ, ಅದರ ಕೆಳಗೆ ಆನೆ ಇದ್ದರೆ ಅದು ಐರ್ಲೆಂಡಿನ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್. ಐರಿಷ್ ಪಲ್ಟಣಕ್ಕೆ ಆನೆ ಎಲ್ಲಿಂದ ಬಂತು? ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಮತ್ತು ಬಾಂಬೆಯ ಯುರೋಪಿಯನ್ ಪಲ್ಟಣಗಳನ್ನು ಸೇರಿಸಿ ಕಟ್ಟಿದ್ದು ಅದು. ಬರೀ ಆನೆ, ಜೊತೆಗೆ ‘ಅಸ್ಸಾಯೆ’ ಅಂತ ಇದ್ದರೆ 1803ರ ಸೆಪ್ಟೆಂಬರ್ 23ರ ಮರಾಠಾ ಯುದ್ಧದ ನೆನಪು. ಸ್ಕಾಟ್ಲೆಂಡಿನ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯ ಟೋಪಿ ಬಿಲ್ಲೆಯ ತಳದಲ್ಲಿ ಆ ಆನೆ ಇದೆ, ಇವತ್ತಿನ ಮದ್ರಾಸ್ ರೆಜಿಮೆಂಟಿನ ಲಾಂಛನದಲ್ಲೂ ಆನೆ ಇದೆ.

ಈಗ ಎಲ್ಲರೂ ಕಾಯುತ್ತಿರುವ ಎರಡು ತಲೆಯ ಹಕ್ಕಿ. ಹಿತ್ತಾಳೆಯದ್ದು, ನಾಲ್ಕು ಸೆಂಟಿಮೀಟರ್, ರೆಕ್ಕೆ ಬಿಚ್ಚಿದೆ, ಬರಹ ಇಲ್ಲ ಅಂತ ಇಟ್ಟುಕೊಳ್ಳಿ. ಗಂಡಭೇರುಂಡವೇ ಅಂತ ಮನಸ್ಸು ಹೇಳುತ್ತದೆ. ಸ್ವಲ್ಪ ತಡೆಯಿರಿ.

ಮೊದಲು ತಲೆಗಳ ಮೇಲೆ ನೋಡಿ. ಎರಡೂ ತಲೆಗಳ ನಡುವೆ ಮೇಲೊಂದು ಕಿರೀಟ, ಎದೆಯ ಮೇಲೊಂದು ಗುರಾಣಿ ಇದ್ದರೆ ಅದು ಆಸ್ಟ್ರಿಯಾದ ಹದ್ದು, ಬಿಲ್ಲೆ ಬ್ರಿಟನ್ನಿನ ಕಿಂಗ್ಸ್ ಡ್ರಾಗೂನ್ ಗಾರ್ಡ್ಸ್ ಕುದುರೆ ಪಡೆಯದ್ದಿರಬಹುದು. 1896ರಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಫ್ರಾಂಜ್ ಜೋಸೆಫ್ ಆ ಪಡೆಯ ಗೌರವ ಮುಖ್ಯಸ್ಥನಾದ, ಅವನ ಹದ್ದು ಇವರ ಟೋಪಿಗೆ ಬಂತು. ಮೊದಲ ಮಹಾಯುದ್ಧದಲ್ಲಿ ಅದೇ ಆಸ್ಟ್ರಿಯಾ ಶತ್ರುವಾಯಿತು, ಹದ್ದನ್ನು ತೆಗೆದುಹಾಕಿದರು. 1937ರಲ್ಲಿ ಮತ್ತೆ ತಂದರು. ಆ ಪಡೆ ಭಾರತದಲ್ಲೂ ಇತ್ತು, ಹಾಗಾಗಿ ಅವರ ಹದ್ದು ನಮ್ಮ ಗುಜರಿಗೆ ಬರುವುದರಲ್ಲಿ ವಿಚಿತ್ರವೇನಿಲ್ಲ. ಹಕ್ಕಿ ಕಾಲಿನಲ್ಲಿ ಗಂಟೆ ಹಿಡಿದಿದ್ದರೆ ಸ್ಕಾಟ್ಲೆಂಡಿನ ಲಾನಾರ್ಕ್‌ಶೈರ್ ಯೋಮನ್ರಿ ಅನ್ನುವ ಸ್ವಯಂಸೇವಕ ಕುದುರೆ ಪಡೆ. ಒಂದು ಕಾಲಿನಲ್ಲಿ ರಾಜದಂಡ, ಇನ್ನೊಂದರಲ್ಲಿ ಗೋಲ, ಎದೆಯ ಗುರಾಣಿಯಲ್ಲಿ ಕುದುರೆ ಸವಾರ ಇದ್ದರೆ ರಷ್ಯಾದ ಸಾಮ್ರಾಟರದ್ದು.

ಇವು ಯಾವುವೂ ಅಲ್ಲ, ಎದೆಯ ಮೇಲೆ ಗುರಾಣಿಯೂ ಇಲ್ಲ ಅಂದರೆ ಈಗ ಮೈಸೂರಿನ ಕಡೆ ಬನ್ನಿ. ಪಕ್ಕದಲ್ಲಿ ಆನೆ ಸೊಂಡಿಲಿನ ಸಿಂಹಗಳು, ಅಂದರೆ ಶರಭಗಳು ನಿಂತಿವೆಯಾ? ಕೆಳಗಿನ ಪಟ್ಟಿಯಲ್ಲಿ ದೇವನಾಗರಿಯಲ್ಲಿ ‘ಸತ್ಯಮೇವೋದ್ಧರಾಮ್ಯಹಂ’ ಅಂತ ಇದೆಯಾ? ಇದ್ದರೆ ಅದು ಸಂಸ್ಥಾನದ ಲಾಂಛನ. ಮೇಲೆ ಅಶೋಕನ ಸಿಂಹ ಸೇರಿದ್ದರೆ ರಾಜ್ಯ ಸರ್ಕಾರದ್ದು, ಹೆಚ್ಚಾಗಿ ಪೊಲೀಸ್ ಅಥವಾ ಇಲಾಖೆಯದ್ದು.

ಸಂಸ್ಥಾನದ ಲಾಂಛನ ಅಂತ ಖಚಿತವಾದರೂ ಕೆಲಸ ಮುಗಿದಿಲ್ಲ. ಪೊಲೀಸರೂ, ಅರಮನೆಯ ಊಳಿಗದವರೂ, ವಿಶ್ವವಿದ್ಯಾಲಯವೂ ಅದೇ ಹಕ್ಕಿಯನ್ನು ಇಟ್ಟುಕೊಂಡಿದ್ದವು. ಮಿಲಿಟರಿ ಅನ್ನಲು ಇನ್ನೊಂದು ಸಾಕ್ಷಿ ಬೇಕು: ಈಟಿ, ‘ಲ್ಯಾನ್ಸರ್ಸ್’, ‘ಇನ್‌ಫೆಂಟ್ರಿ’, ‘ಇಂಪೀರಿಯಲ್ ಸರ್ವಿಸ್’ ಅನ್ನುವ ಪದ, ಇಲ್ಲವೇ ಅದರ ಜೊತೆಗೇ ಸಿಕ್ಕ ಪದಕ. ‘ಇಂಪೀರಿಯಲ್ ಸರ್ವಿಸ್’ (ಬ್ರಿಟಿಷ್ ಸಾಮ್ರಾಜ್ಯದ ಸೇವೆಗೆ ಅಂತ ಸಂಸ್ಥಾನಗಳು ಇಟ್ಟಿದ್ದ ಪಡೆ) ಅಂತ ಇದ್ದರೆ 1920ರ ದಶಕದ ಮೊದಲಿನದು, ಆಮೇಲೆ ಆ ವ್ಯವಸ್ಥೆ ‘ಇಂಡಿಯನ್ ಸ್ಟೇಟ್ಸ್ ಫೋರ್ಸಸ್’ ಅಂತ ಹೆಸರು ಬದಲಿಸಿಕೊಂಡಿತು. ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಜೋಧ್‌ಪುರದವರ ಜೊತೆ ಹೈಫಾ ಗೆದ್ದದ್ದು 1918ರ ಸೆಪ್ಟೆಂಬರ್ 23ಕ್ಕೆ (ಅಸ್ಸಾಯೆಯ ದಿನವೇ, ಕಾಕತಾಳೀಯ). ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. 1953ರಲ್ಲಿ ಆ ಕುದುರೆ ಪಡೆ 61ನೇ ಕ್ಯಾವಲ್ರಿಯಲ್ಲಿ ಸೇರಿಹೋಯಿತು. ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು.

ಇನ್ನೊಂದು, ಬೆಂಗಳೂರಿಗೇ ಸೇರಿದ ವಿಚಿತ್ರ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಸಾವಿರಾರು ಯುದ್ಧಕೈದಿಗಳನ್ನು ಜಾಲಹಳ್ಳಿ ಸುತ್ತಮುತ್ತಲಿನ ಶಿಬಿರಗಳಲ್ಲಿ ಇಟ್ಟಿದ್ದರು. ಇಟಲಿಯ ಸೈನಿಕರ ಕಾಲರಿಗೆ ಐದು ಮೂಲೆಯ ಪುಟ್ಟ ನಕ್ಷತ್ರ ಇರುತ್ತಿತ್ತು. ಆ ಕಡೆಯ ಹಳೇ ಮನೆಯಲ್ಲಿ ಅರ್ಥವಾಗದ ನಕ್ಷತ್ರವೊಂದು ಸಿಕ್ಕರೆ ಇದನ್ನೂ ಯೋಚಿಸಿ.

ಹೆಜ್ಜೆ 8: ಊಹೆಯನ್ನು ದಾಖಲೆಗೆ ಹಚ್ಚಿ ನೋಡಿ

ಗೂಗಲ್ ಲೆನ್ಸ್ ಹಾಕಿ, ತಪ್ಪಿಲ್ಲ. ಆದರೆ ಅದು ತೋರಿಸುವುದು ಮಾರಾಟದ ತಾಣಗಳನ್ನು, ಅಲ್ಲಿನ ವಿವರಣೆ ಬರೆದವನು ಮಾರುವವನು. ಅದರಿಂದ ಒಂದು ಹೆಸರು ತೆಗೆದುಕೊಂಡು, ಪರೀಕ್ಷೆಯನ್ನು ಬೇರೆ ಕಡೆ ಮಾಡಿ. ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಮತ್ತು ನ್ಯಾಷನಲ್ ಆರ್ಮಿ ಮ್ಯೂಸಿಯಂ ತಮ್ಮ ಬಿಲ್ಲೆಗಳ ಫೋಟೋಗಳನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಇಟ್ಟಿವೆ. ಹುಡುಕುವಾಗ ‘ಕ್ಯಾಪ್ ಬ್ಯಾಡ್ಜ್’ ಜೊತೆಗೆ ‘ಪಗ್ರಿ ಬ್ಯಾಡ್ಜ್’, ‘ಶೋಲ್ಡರ್ ಟೈಟಲ್’ ಅಂತಲೂ ಇಂಗ್ಲಿಷಿನಲ್ಲಿ ಹಾಕಿ. ಪಲ್ಟಣ ಯಾವ ವರ್ಷ ಎಲ್ಲಿತ್ತು, ಅಧಿಕಾರಿಗಳು ಯಾರು ಅಂತ ತಿಳಿಯಲು ಹಳೆಯ ಇಂಡಿಯನ್ ಆರ್ಮಿ ಲಿಸ್ಟುಗಳಿವೆ, ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅವುಗಳನ್ನು ಸ್ಕ್ಯಾನ್ ಮಾಡಿ ಹಾಕಿದೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ‘ಅಭಿಲೇಖ್ ಪಟಲ್’ ತಾಣದಲ್ಲೂ ಹುಡುಕಬಹುದು. ಸಂಸ್ಥಾನದ ಸೈನ್ಯದ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರ.

ಮನೆಯ ದಾಖಲೆಯನ್ನು ಮರೆಯಬೇಡಿ. ಬಿಲ್ಲೆಯ ಮೇಲೆ ಸಾಮಾನ್ಯವಾಗಿ ಹೆಸರು ಇರುವುದಿಲ್ಲ, ಪದಕದ ಅಂಚಿನಲ್ಲಿ ಇರುತ್ತದೆ. ಮೊದಲ ಮಹಾಯುದ್ಧದ ಪದಕದ ಅಂಚು ತಿರುಗಿಸಿ ನೋಡಿದರೆ ನಂಬರ್, ದರ್ಜೆ, ಹೆಸರು, ಪಲ್ಟಣ ಎಲ್ಲ ಒಂದೇ ಸಾಲಿನಲ್ಲಿ ಕೊರೆದಿರುತ್ತದೆ. ಭಾರತೀಯರಿಗೆ ಕೊಟ್ಟ ಎರಡನೇ ಯುದ್ಧದ ಪದಕಗಳಲ್ಲೂ ಹೆಸರು ಸಿಗುತ್ತದೆ. ಪಿಂಚಣಿ ಪುಸ್ತಕ, ಡಿಸ್ಚಾರ್ಜ್ ಕಾಗದ, ಸಮವಸ್ತ್ರದಲ್ಲಿ ತೆಗೆಸಿಕೊಂಡ ಫೋಟೋ ಇದ್ದರೆ ಹೇಳುವುದೇ ಬೇಡ. ಹಿರಿಯರನ್ನು ಕೇಳುವಾಗ ‘ತಾತ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದರಾ?’ ಅಂತ ಉತ್ತರವನ್ನು ಬಾಯಿಗೆ ಹಾಕಬೇಡಿ, ಹೌದು ಅಂದುಬಿಡುತ್ತಾರೆ. ‘ಎಲ್ಲಿಗೆ ಹೋಗಿದ್ದರಂತೆ ಅಜ್ಜಿ? ಕುದುರೆ ಇತ್ತಂತಾ?’ ಅಂತ ಕೇಳಿ. ‘ಬಸ್ರಾ’ (ಇರಾಕಿನ ಊರು) ಅಂದರೆ ಸಾಕು, ಹುಡುಕುವ ದಿಕ್ಕು ಸಿಗುತ್ತದೆ.

ಎಲ್ಲ ಹೊಂದಿದರೂ ಒಂದು ವಿಷಯ ಹೊಂದದಿದ್ದರೆ ಅದನ್ನು ಬದಿಗೆ ತಳ್ಳಬೇಡಿ. ‘ಬಹುಶಃ ಇದು’ ಅಂತ ಬರೆದಿಟ್ಟು ಮುಂದೆ ಹೋಗಿ.

ನಕಲಿ ಇರಬಹುದಾ?

ಇರಬಹುದು. ಅಸಲಿ ಬಿಲ್ಲೆಯಿಂದ ಅಚ್ಚು ತೆಗೆದು ಎರಕ ಹೊಯ್ದರೆ ಲೋಹ ಆರುವಾಗ ಕುಗ್ಗುತ್ತದೆ, ನಕಲು ತುಸು ಚಿಕ್ಕದಾಗುತ್ತದೆ. ಮಿಲಿಮೀಟರ್ ಬರೆದಿಟ್ಟುಕೊಳ್ಳಿ ಅಂದದ್ದು ಇದಕ್ಕೇ. ಕಿರೀಟದ ಕಮಾನುಗಳ ನಡುವೆ ತೂತು ಇರಬೇಕಾದ ಕಡೆ ಲೋಹ ತುಂಬಿಕೊಂಡಿದ್ದರೆ, ಪ್ರಾಣಿಯ ಕಣ್ಣು, ಗರಿಯ ಗೆರೆ ಮಸುಕಾಗಿದ್ದರೆ ಅನುಮಾನಪಡಿ. ಸವೆತ ಎಲ್ಲಿದೆ ನೋಡಿ: ಅಸಲಿಯಲ್ಲಿ ಉಬ್ಬಿದ ಭಾಗ ಸವೆದಿರುತ್ತದೆ, ತಗ್ಗಿನಲ್ಲಿ ಚೂಪು ಉಳಿದಿರುತ್ತದೆ. ನಕಲಿಯಲ್ಲಿ ಎರಡೂ ಒಂದೇ ಸಮ ಮಂಕು. ಸಿಪಾಯಿ ದಿನಾ ಪಾಲಿಶ್ ಮಾಡಿದ್ದು ಮುಂಭಾಗವನ್ನು, ಹಿಂಭಾಗವನ್ನಲ್ಲ. ಎರಡೂ ಕಡೆ ಒಂದೇ ಥರ ಹಳೆಯದಾಗಿ ಕಂಡರೆ ಬಣ್ಣ ಹಚ್ಚಿದ್ದಿರಬಹುದು. ಜರ್ಮನಿಯ ನಾಜಿ ಬಿಲ್ಲೆಗಳನ್ನಂತೂ ಬಜಾರಿನಲ್ಲಿ ನಾನು ಮುಟ್ಟುವುದೂ ಇಲ್ಲ, ಅಷ್ಟು ನಕಲಿ ಇವೆ.

ಇಡುವುದು, ಮಾರುವುದು

ಮಲೆನಾಡು, ಕೊಡಗಿನ ಮಳೆಗಾಲಕ್ಕೆ ಹಿತ್ತಾಳೆ ಬೇಗ ಹಸಿರು ಕಿಲುಬು ಹಿಡಿಯುತ್ತದೆ. ಮೆತ್ತನೆ ಪಿವಿಸಿ ಕವರಿನಲ್ಲಿ ಇಡಬೇಡಿ, ಅದು ಲೋಹವನ್ನು ಇನ್ನೂ ಹಾಳು ಮಾಡುತ್ತದೆ. ಹತ್ತಿ ಬಟ್ಟೆ ಅಥವಾ ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಜೊತೆಗೊಂದು ಚೀಟಿ ಇರಲಿ: ಎಲ್ಲಿ ಸಿಕ್ಕಿತು, ಯಾರದ್ದು ಅಂತ ಯಾರು ಹೇಳಿದರು, ನಿಮ್ಮ ತೀರ್ಮಾನ ಏನು, ಯಾವ ಆಧಾರದ ಮೇಲೆ.

ವಿದೇಶದ ಸಂಗ್ರಾಹಕರು ಒಳ್ಳೆಯ ಬೆಲೆ ಹೇಳಿ ಪೋಸ್ಟ್ ಮಾಡಿ ಅಂದರೆ ಮೊದಲು ಬಿಲ್ಲೆಯ ವಯಸ್ಸು ಲೆಕ್ಕ ಹಾಕಿ. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳು ಪ್ರಾಚ್ಯವಸ್ತುಗಳ ಲೆಕ್ಕಕ್ಕೆ ಬರುತ್ತವೆ, ಖಾಸಗಿಯವರು ಅವನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಮೊದಲ ಮಹಾಯುದ್ಧದ ಸಾಮಾನೆಲ್ಲ ಈಗ ಆ ಗಡಿ ದಾಟಿದೆ. ವಯಸ್ಸು ಅನುಮಾನ ಇದ್ದರೆ ಪಾರ್ಸೆಲ್ ಮಾಡುವ ಮುಂಚೆಯೇ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಕಚೇರಿಯಲ್ಲಿ ತೋರಿಸಿ, ಪ್ರಾಚ್ಯವಸ್ತು ಅಲ್ಲ ಅನ್ನುವ ಪ್ರಮಾಣಪತ್ರ ಮಾಡಿಸಿಕೊಳ್ಳಿ.